ಬಾಗಿಲು ತೆರೆಯುವ ಮುನ್ನ ಪರೀಕ್ಷಾ ಓಟ



ಪ್ರವಾಸಿ ಹಡಗೆಂದರೆ ನೀರಿನ ಮೇಲಿನ ದೊಡ್ಡ ಹೋಟೆಲೇ. ಫಿನ್‌ಲ್ಯಾಂಡಿನ ತುರ್ಕುವಿನಲ್ಲಿ ಕಟ್ಟಿದ 'ಐಕಾನ್ ಆಫ್ ದಿ ಸೀಸ್' ಹಡಗನ್ನು 2023ರ ಜೂನ್‌ನಲ್ಲಿ 450ಕ್ಕೂ ಹೆಚ್ಚು ತಜ್ಞರು ನಾಲ್ಕು ದಿನ ಸಮುದ್ರದಲ್ಲಿ ಓಡಿಸಿದರು. ಎಂಜಿನ್, ಬ್ರೇಕ್, ಚುಕ್ಕಾಣಿ, ಸದ್ದು, ಅದುರುವಿಕೆ ಎಲ್ಲವನ್ನೂ ನೋಡಿದರು. ಮಾಲೀಕರ ಕೈಗೆ ಬಂದದ್ದು ನವೆಂಬರ್ 27ರಂದು. ಪ್ರಯಾಣಿಕರೊಡನೆ ಹೊರಟದ್ದು 2024ರ ಜನವರಿ 27ರಂದು.

ನಾವೋ, ಗಣಹೋಮ ಮಾಡಿ, ಹಾಲುಕ್ಕಿಸಿ, ಮರುದಿನವೇ ಗಲ್ಲಾದಲ್ಲಿ ಕೂರುವವರು! ವೇಲಚೇರಿಯಲ್ಲಿ ನಮ್ಮ ಶಾಖೆ ತೆರೆದಾಗ ಗ್ರೈಂಡರ್, ಎಕ್ಸಾಸ್ಟ್, ಕಾಫಿ ಬಾಯ್ಲರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ ಸರಿ ಎಂದಿದ್ದೆವು. ಮೊದಲ ಭಾನುವಾರ ಬೆಳಿಗ್ಗೆ ಮೂರೂ ಒಟ್ಟಿಗೆ ಓಡಿದವು, ಮೇನ್ ಟ್ರಿಪ್ ಆಯಿತು. ಚೆನ್ನೈ ಸೆಕೆಯಲ್ಲಿ ಫ್ಯಾನಿಲ್ಲದೆ ಬೆವರಿದ ಗಿರಾಕಿಗಳು ದೋಸೆ ಬರುವ ಮೊದಲೇ ಎದ್ದುಹೋದರು. ವೈರಿಂಗ್ ಮಾಡಿದವರಿಗೆ ಹಣ ಪೂರ್ತಿ ಕೊಟ್ಟಾಗಿತ್ತು. ಅವರು ಫೋನೇ ಎತ್ತಲಿಲ್ಲ.

ಹೊಸ ಹೋಟೆಲ್ ತೆರೆಯುವವರು ಎರಡು ದಿನ ಮೊದಲೇ ನೆಂಟರಿಷ್ಟರನ್ನು ಕರೆಯಿರಿ. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಓಡಿಸಿ, ಪೂರ್ತಿ ಮೆನು ಬಡಿಸಿ. ಊಟ ಪುಕ್ಕಟೆಯಾದರೂ ದೂರುಗಳನ್ನು ಬರೆದುಕೊಳ್ಳಿ. ಗುತ್ತಿಗೆದಾರರ ಕೊನೆಯ ಕಂತು ಅದಾದ ಮೇಲೆ ಕೊಟ್ಟರೆ ಸಾಕು.