ಎಂಟು ಟಿಕೆಟ್ಟೋ, ಮೂರೋ?

ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಅವರ ಮೂವರು ಮಕ್ಕಳು ಕೆ.ಆರ್.ಪೇಟೆಯ ನಮ್ಮ ಮನೆಗೆ ಬರುತ್ತಾರೆ. ಅಪ್ಪ, ಅಮ್ಮ, ನಾನು ಸೇರಿ ಎಂಟು ಜನ. ಇರುವುದು ನಾಲ್ಕೈದು ದಿನ. ಅಷ್ಟರಲ್ಲಿ ಮೈಸೂರು, ಶ್ರೀರಂಗಪಟ್ಟಣ, ಮೇಲುಕೋಟೆ, ಸಂಜೆಗೊಂದು ಕೆಆರ್‌ಎಸ್ ಆಗಬೇಕು. ಅದರ ನಡುವೆ ದೊಡ್ಡ ಮಕ್ಕಳಿಬ್ಬರ ಬೇಡಿಕೆ ಬರುತ್ತದೆ: ಬಿಡದಿಯ ವಂಡರ್‌ಲಾ. ಒಂದು ದಿನ ಪೂರ್ತಿ ಅಲ್ಲಿಗೇ.

ಕೊಡಬೇಕೋ ಬೇಡವೋ? ಇದನ್ನು ನಮ್ಮಲ್ಲಿ ಸಾಮಾನ್ಯವಾಗಿ ಟಿಕೆಟ್ ದರ ನೋಡಿ ತೀರ್ಮಾನಿಸುತ್ತಾರೆ. ದರ ಹೆಚ್ಚಾಯಿತು ಅಂದರೆ ಯಾರೂ ಹೋಗುವುದಿಲ್ಲ, ಪರವಾಗಿಲ್ಲ ಅಂದರೆ ಟೆಂಪೊ ಮಾಡಿಕೊಂಡು ಎಲ್ಲರೂ ಹೋಗುತ್ತಾರೆ. ನಾನು ಬೇರೆ ಲೆಕ್ಕ ಹಾಕುತ್ತೇನೆ. ಎಂಟು ಜನರಲ್ಲಿ ನಿಜಕ್ಕೂ ಆ ಯಂತ್ರಗಳನ್ನು ಏರುವವರು ಯಾರು? ಹದಿನೇಳರ ಹುಡುಗ, ಹದಿಮೂರರ ಹುಡುಗಿ, ಭಾವ. ಅಷ್ಟೇ. ಅಪ್ಪನಿಗೆ ರಕ್ತದೊತ್ತಡ, ಅಮ್ಮನಿಗೆ ಮಂಡಿನೋವು, ಅಕ್ಕನಿಗೆ ಎತ್ತರ ಕಂಡರೆ ತಲೆ ಸುತ್ತು. ನನಗೂ ಆ ಆಸೆಯಿಲ್ಲ. ಆರು ವರ್ಷದವನಿಗೆ ಎತ್ತರ ಸಾಲದು. ಅಲ್ಲಿ ಮಕ್ಕಳ ಟಿಕೆಟ್ ನಿಗದಿಯಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಹುಡುಗಿಯನ್ನು ಮನೆಯ ಗೋಡೆಗೆ ನಿಲ್ಲಿಸಿ ಎತ್ತರ ಅಳೆದುಕೊಂಡೇ ಹೊರಡಿ. ದೊಡ್ಡವರ ದರವೋ ಮಕ್ಕಳ ದರವೋ, ದೊಡ್ಡ ಆಟಗಳಿಗೆ ಬಿಡುತ್ತಾರೋ ಇಲ್ಲವೋ, ಎರಡೂ ಆ ಅಳತೆಯಲ್ಲೇ ಇವೆ.

ಈಗ ಕೂಡಿಸೋಣ. ವಾರ, ಋತು ನೋಡಿ ದರ ಏರಿಳಿಯುತ್ತದೆ. ತಲೆಗೆ ಒಂದೂವರೆ ಸಾವಿರದ ಆಸುಪಾಸು ಎಂದು ಇಟ್ಟುಕೊಳ್ಳುತ್ತೇನೆ. ಏಳು ದೊಡ್ಡ ಟಿಕೆಟ್, ಒಂದು ಚಿಕ್ಕದು ಸೇರಿ ಹನ್ನೊಂದೂವರೆ ಸಾವಿರ ದಾಟುತ್ತದೆ. ಒಳಗೆ ಊಟ, ಕುರುಕಲು, ಲಾಕರ್ ಎಂದು ಎರಡೂವರೆ ಸಾವಿರ. ಹೋಗಿ ಬರುವ ದಾರಿಯೇ ಇನ್ನೂರು ಕಿಲೋಮೀಟರಿಗೆ ಮೇಲೆ, ಗಾಡಿಗೆ ಟೋಲ್ ಸೇರಿ ಐದು ಸಾವಿರ. ಒಟ್ಟು ಹತ್ತೊಂಬತ್ತು ಸಾವಿರ. ಇದನ್ನು ಎಂಟರಿಂದ ಭಾಗಿಸಿದರೆ ತಲೆಗೆ ಎರಡು ಸಾವಿರದ ನಾನೂರು, ಅಡ್ಡಿಯಿಲ್ಲ ಅನ್ನಿಸುತ್ತದೆ. ಆದರೆ ಆಡುವವರು ಮೂರೇ ಜನ. ಮೂರರಿಂದ ಭಾಗಿಸಿ ನೋಡಿ: ಒಬ್ಬೊಬ್ಬರ ಆಟಕ್ಕೆ ಆರು ಸಾವಿರದ ಮೇಲೆ. ಉಳಿದ ಐವರು ದುಡ್ಡು ಕೊಟ್ಟು ಬಿಸಿಲಲ್ಲಿ ಬ್ಯಾಗು ಕಾಯುತ್ತಾರೆ.

ಹಾಗಾಗಿ ಮೂವರು ಬಸ್ಸು ಹತ್ತಿದರು. ವಾರದ ನಡುವಿನ ದಿನ, ಮುಂಗಡ ಬುಕಿಂಗ್, ರಿಯಾಯಿತಿಗೆ ಹುಡುಗನ ಕಾಲೇಜು ಗುರುತಿನ ಚೀಟಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಗೆ ಬಸ್ಸು ಉಚಿತ. ಎಲ್ಲ ಸೇರಿ ಆರು ಸಾವಿರ ಚಿಲ್ಲರೆಯಲ್ಲಿ ಮುಗಿಯಿತು. ಈ ಮೊತ್ತಕ್ಕೂ ಒಂದು ದಾರಿ ಮಾಡಿಟ್ಟಿರುತ್ತೇನೆ: ತಿಂಗಳಿಗೆ ಐನೂರರಂತೆ ಒಂದು ವರ್ಷದ ಆರ್‌ಡಿ, ಏಪ್ರಿಲ್ ಕೊನೆಗೆ ಕೈಗೆ ಬರುವಂತೆ. ನಮ್ಮ ಕಡೆ ಕಬ್ಬಿನ ದುಡ್ಡು ಬಂದರೆ ಒಟ್ಟಿಗೆ ಬರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರುವುದೇ ಇಲ್ಲ. ಬಟವಾಡೆಯಾದ ವಾರ ತೀರ್ಮಾನಿಸಿದ ಪ್ರವಾಸಕ್ಕೆ ಮಿತಿ ಇರುವುದಿಲ್ಲ. ಆಟದ ದುಡ್ಡು ಬೆಳೆಯ ದುಡ್ಡಿನ ಜೊತೆ ಬೆರೆಯಬಾರದು ಎನ್ನುವುದರಲ್ಲಿ ನಾನು ಕಟ್ಟುನಿಟ್ಟು.

ಉಳಿದ ಐವರು ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆವು. 1784ರ ದರಿಯಾ ದೌಲತ್ ಅರಮನೆಗೆ ದೊಡ್ಡವರಿಗೆ ಇಪ್ಪತ್ತೈದು ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬಿಟ್ಟಿ. ಸಂರಕ್ಷಿತ ಸ್ಮಾರಕದ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಮನರಂಜನಾ ಉದ್ಯಾನದ ಟಿಕೆಟ್ಟಿಗೆ 2018ರ ಜನವರಿಯಲ್ಲಿ ಇಳಿಸಿದ ಮೇಲೂ ಶೇ 18. ಉದ್ಯಾನದ ಜಾಲತಾಣದಲ್ಲಿ ಮೊದಲು ಕಾಣುವ ದರಕ್ಕೆ ತೆರಿಗೆ ಸೇರಿದೆಯೇ ಎಂದು ನೋಡಿಕೊಳ್ಳಿ. ಪೊಳ್ಳಿಲೂರು ಕಾಳಗದ ಗೋಡೆಚಿತ್ರದ ಮುಂದೆ ಚಿಕ್ಕವನು ಆನೆ, ಕುದುರೆ ಎಣಿಸುತ್ತಾ ನಿಂತುಬಿಟ್ಟ. ಅಪ್ಪ ಅವನಿಗೆ ಹೈದರ್ ಯಾರು, ಟಿಪ್ಪು ಯಾರು, ಪಲ್ಲಕ್ಕಿಯಲ್ಲಿ ಉಗುರು ಕಚ್ಚುತ್ತಾ ಕೂತಿರುವ ಇಂಗ್ಲಿಷ್ ದಂಡನಾಯಕ ಬೈಲಿ ಯಾರು ಎಂದು ತೋರಿಸಿದರು. ರಂಗನಾಥನ ದರ್ಶನ, ರಂಗನತಿಟ್ಟಿನ ದೋಣಿ, ಸಂಗಮದಲ್ಲಿ ಕಾಲಿಳಿಬಿಟ್ಟು ಚಿತ್ರಾನ್ನ. ಈ ಐವರ ದಿನ ಬಿಡದಿಗೆ ಹೋದ ಮೂವರ ದಿನಕ್ಕಿಂತ ಯಾವ ರೀತಿಯಲ್ಲೂ ಬಡವಾಗಿರಲಿಲ್ಲ.

ಅಮ್ಮ ಮಾತ್ರ ಇದನ್ನು ಒಪ್ಪಿರಲಿಲ್ಲ. ಎಲ್ಲರೂ ಸೇರಿ ಹೋಗದಿದ್ದ ಮೇಲೆ ಅದೆಂಥ ಪ್ರವಾಸ ಎಂದು ಹಿಂದಿನ ರಾತ್ರಿಯೇ ಅಂದಿದ್ದರು. ಅವರ ಮಾತಿನಲ್ಲಿ ತೂಕವಿದೆ. ವರ್ಷಕ್ಕೊಮ್ಮೆ ಸೇರುವ ಕುಟುಂಬ ಅದರಲ್ಲೂ ಒಂದು ದಿನ ಚದುರಿದರೆ ಅದಕ್ಕೊಂದು ಬೆಲೆಯಿದೆ, ರೂಪಾಯಿಯಲ್ಲಿ ಬರೆಯಲಾಗದಿದ್ದರೂ. ಅದಕ್ಕೇ ಮಾರನೆಯ ಸಂಜೆಯನ್ನು ಎಲ್ಲರಿಗೂ ಒಟ್ಟಿಗೆ ಇಟ್ಟೆವು, ಕೆಆರ್‌ಎಸ್‌ನ ಬೃಂದಾವನದ ಕಾರಂಜಿಗೆ. ಒಂದು ದಿನ ಬೇರೆಯಾದರೆ ಒಂದು ದಿನ ಕಡ್ಡಾಯವಾಗಿ ಜೊತೆ ಎಂಬ ಷರತ್ತು ಅಮ್ಮನದೇ. ಅಂದಿನಿಂದ ಅದು ಮನೆಯ ಪದ್ಧತಿಯಾಗಿದೆ.

ನಾಗಮಂಗಲದ ನನ್ನ ಗೆಳತಿ ಪ್ಯಾರಿಸ್‌ಗೆ ಹೊರಟಾಗಲೂ ಇದೇ ಪ್ರಶ್ನೆ ಕೇಳಿದಳು. ಗಂಡ, ಹತ್ತು ವರ್ಷದ ಮಗ, ಅತ್ತೆ ಜೊತೆಗೆ. ನಾಲ್ಕು ದಿನ ಪ್ಯಾರಿಸ್, ಆಮೇಲೆ ವಿಯೆನ್ನಾ. ಡಿಸ್ನಿಲ್ಯಾಂಡ್ ಬೇಕೇ? ಅಲ್ಲಿ ಟಿಕೆಟ್ಟಿಗಿಂತ ದಿನವೇ ದುಬಾರಿ. ವಿಮಾನ, ಹೋಟೆಲು, ದೊಡ್ಡವರಿಗೆ ತಲೆಗೆ 90 ಯೂರೋ ಷೆಂಗೆನ್ ವೀಸಾ, ಎಲ್ಲವನ್ನೂ ಕೂಡಿಸಿ ದಿನಗಳಿಂದ ಭಾಗಿಸು ಅಂದೆ. ಏನೂ ನೋಡದೆ ಕೂತರೂ ಅವಳ ಕುಟುಂಬಕ್ಕೆ ಒಂದು ದಿನಕ್ಕೆ ಐವತ್ತು ಸಾವಿರದ ಹತ್ತಿರ ಬಂತು. 1992ರಲ್ಲಿ ತೆರೆದ ಆ ಪಾರ್ಕು ನಗರದಿಂದ ಸುಮಾರು 32 ಕಿಲೋಮೀಟರ್ ಆಚೆ, ಒಳಗೆ ಕಾಲಿಟ್ಟ ಮೇಲೆ ದಿನ ಪೂರ್ತಿ ಅದಕ್ಕೇ. ಇತ್ತ ಲೂವ್ರ್‌ಗೆ ಹದಿನೆಂಟರೊಳಗಿನವರಿಗೆ ಟಿಕೆಟ್ಟೇ ಇಲ್ಲ. ಹುಡುಗನಿಗೆ ಬೇಕಿರುವುದು ಬರೀ ಗಿರಗಿರ ಸುತ್ತುವುದಾದರೆ ಅದು ಬಿಡದಿಯಲ್ಲಿದೆ, ಮೈಸೂರಿನ ಜಿಆರ್‌ಎಸ್ ಪಾರ್ಕಿನಲ್ಲೂ ಇದೆ. ಅದಕ್ಕಾಗಿ ಪ್ಯಾರಿಸ್ಸಿನ ದಿನ ಒಡೆಯಬೇಡ. ಡಿಸ್ನಿಯ ಅರಮನೆಯನ್ನೇ ನೋಡಬೇಕೆಂದು ವರ್ಷಗಳಿಂದ ಕಾದಿದ್ದರೆ ಕಳಿಸು, ಆದರೆ ನಾಲ್ವರೂ ಬೇಡ ಅಂದೆ. ಅವನು ಕಾದಿದ್ದ. ಅಪ್ಪ, ಮಗ ಹೋದರು. ಅತ್ತೆ, ಸೊಸೆ ಸೀನ್ ನದಿಯ ದೋಣಿಯಲ್ಲಿ ಕೂತರು.

ವಿಯೆನ್ನಾದ ಪ್ರಾಟರ್ ಪಾರ್ಕಿಗೆ ನಾಲ್ವರೂ ಹೋದರು. ಅದು ನಗರದೊಳಗೇ ಇದೆ, ಗೇಟಿನಲ್ಲಿ ಶುಲ್ಕವಿಲ್ಲ. ಯಾವುದನ್ನು ಹತ್ತುತ್ತೀರೋ ಅದಕ್ಕಷ್ಟೇ ದುಡ್ಡು. 1897ರ ದೈತ್ಯ ಚಕ್ರವನ್ನು ಹುಡುಗ ಹತ್ತಿದ, ಅಜ್ಜಿ ಕೆಳಗಿನಿಂದ ಕೈಬೀಸಿದರು, ಪೈಸೆ ಖರ್ಚಿಲ್ಲದೆ. ನಮ್ಮ ಹೇಮಗಿರಿ ಜಾತ್ರೆಯೂ ಹೀಗೆಯೇ. ತೊಟ್ಟಿಲು ಏರುವವನು ಕೊಡುತ್ತಾನೆ, ನೋಡುವವರು ನೋಡುತ್ತಾರೆ.

ಆಡುವವರಷ್ಟೇ ಆಟದ ದುಡ್ಡು ಕೊಡಲಿ ಎಂದು ಇಷ್ಟು ಒತ್ತಿ ಹೇಳಲು ಕಾರಣ ಕೆಆರ್‌ಎಸ್. 1932ರಿಂದ ಇರುವ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿ ಮಾಡುವ ಮಾತು 2018ರಲ್ಲಿ ಬಂತು, ಜೊತೆಗೆ 125 ಅಡಿಯ ಕಾವೇರಿ ಪ್ರತಿಮೆ. 2024ರಲ್ಲಿ ಸಚಿವ ಸಂಪುಟ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಖಾಸಗಿ ಸಹಭಾಗಿತ್ವದಲ್ಲಿ ಒಪ್ಪಿಗೆ ಕೊಟ್ಟಿತು. ಅಣೆಕಟ್ಟೆಯ ಸುರಕ್ಷತೆಗಾಗಿ ಮಂಡ್ಯದ ರೈತರು ಎತ್ತಿರುವ ದನಿಯ ಜೊತೆ ನಾನಿದ್ದೇನೆ. ದರದ ಪ್ರಶ್ನೆಯನ್ನು ಅದಕ್ಕೆ ಸೇರಿಸುತ್ತೇನೆ. ಬಂಡವಾಳ ಹಾಕಿದವರು ಅದನ್ನು ಗೇಟಿನಲ್ಲೇ ವಸೂಲು ಮಾಡಲು ಹೊರಟರೆ, ನಾವು ಎಂಟೂ ಜನ ಒಟ್ಟಿಗೆ ಹೋಗಬಹುದಾದ ಆ ಒಂದು ಸಂಜೆ ನಮ್ಮ ಕೈತಪ್ಪುತ್ತದೆ. ಅಲ್ಲಿ ಏನನ್ನೇ ಕಟ್ಟುವುದಿದ್ದರೂ ತೋಟದ ಪ್ರವೇಶ ದರ ಬೇರೆ, ಆಟದ ದರ ಬೇರೆ ಎಂದು ಒಪ್ಪಂದದಲ್ಲೇ ಬರೆಸಬೇಕು. ಕಾರಂಜಿ ನೋಡಲು ನಾಗಮಂಗಲದಿಂದ ಬರುವ ಅಜ್ಜಿಯ ಟಿಕೆಟ್ಟಿನಲ್ಲಿ ರೋಲರ್ ಕೋಸ್ಟರಿನ ಸಾಲದ ಬಡ್ಡಿ ಸೇರಕೂಡದು.