ಉಡುಗೊರೆ ಬುಟ್ಟಿಗಳ ಆನ್‌ಲೈನ್ ಮಾರಾಟ: ವಿಳಂಬ ಕಲಿಸುವ ಪಾಠ

ಆನ್‌ಲೈನ್ ಉಡುಗೊರೆ ಬುಟ್ಟಿಗಳ ವ್ಯಾಪಾರದಲ್ಲಿ ಹಣ ತೆರುವವರು ಒಬ್ಬರು, ಸರಕು ಪಡೆಯುವವರು ಮತ್ತೊಬ್ಬರು. ಹಣ್ಣು ಕೆಟ್ಟಿದ್ದರೂ ಪಡೆದವರು ಸಂಕೋಚದಿಂದ ಸುಮ್ಮನಿರುತ್ತಾರೆ. ಬುಟ್ಟಿ ತಲುಪದಿದ್ದರೆ ಕಳುಹಿಸಿದವರಿಗೆ ಬೇಗನೆ ತಿಳಿಯುವುದಿಲ್ಲ. ಆದ್ದರಿಂದ ದೂರು ಬಾರದಿರುವುದನ್ನು ಗ್ರಾಹಕರ ತೃಪ್ತಿಯೆಂದು ಭಾವಿಸಲಾಗದು.

1999ರ ಕ್ರಿಸ್‌ಮಸ್ ಸಂದರ್ಭದಲ್ಲಿ ಅಮೆರಿಕದ ಹಲವು ಆನ್‌ಲೈನ್ ಮಳಿಗೆಗಳು ಹೇಳಿದ ದಿನಕ್ಕೆ ಸರಕು ತಲುಪಿಸಲಿಲ್ಲ. ಅಸಾಧ್ಯವೆಂದು ತಿಳಿದ ಮೇಲೂ ಭರವಸೆ ನೀಡಿದ ಅಥವಾ ವಿಳಂಬವನ್ನು ಸಮರ್ಪಕವಾಗಿ ತಿಳಿಸದ ಆರೋಪದ ಮೇಲೆ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. 2000ದ ಜುಲೈನಲ್ಲಿ ಏಳು ಸಂಸ್ಥೆಗಳು ಒಟ್ಟು 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿದವು.

ಭಾರತದಲ್ಲಿಯೂ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಆದರೆ ದೀಪಾವಳಿಯ ಬುಟ್ಟಿಗೆ ಹಬ್ಬ ಕಳೆದ ಮೇಲಿನ ಪರಿಹಾರ ಸಾಲದು.

ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳಿವು: ಪೂರೈಸಬಲ್ಲಷ್ಟೇ ಬೇಡಿಕೆಗಳನ್ನು ಸ್ವೀಕರಿಸುವುದು, ಪದಾರ್ಥ ಬದಲಿಸುವ ಮುನ್ನ ಒಪ್ಪಿಗೆ ಪಡೆಯುವುದು, ಬುಟ್ಟಿ ತಲುಪಿದ ದಿನವೇ ಕಳುಹಿಸಿದವರಿಗೆ ತಿಳಿಸುವುದು, ವಿಳಂಬ ಖಚಿತವಾದ ಕೂಡಲೇ, ಗ್ರಾಹಕರು ಕೇಳುವ ಮೊದಲೇ, ಕಾಯುವ ಅಥವಾ ಹಣ ಹಿಂಪಡೆಯುವ ಆಯ್ಕೆಯನ್ನು ಅವರ ಮುಂದಿಡುವುದು.