ಕೇಳುವ ಮೊದಲು ಲೆಕ್ಕ ಒಪ್ಪಿಸಿ

ಬೆಂಗಳೂರಿನ ದಂಡು ಪ್ರದೇಶದ ಜನಕ್ಕೆ ದಾನಧರ್ಮವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಲಸೂರು ಕೆರೆಯ ಆಸುಪಾಸಿನಲ್ಲಿ ಆರ್‌ಬಿಎಎನ್‌ಎಂ ಶಾಲೆಯ ಹೆಸರು ಗೊತ್ತಿಲ್ಲದವರಿಲ್ಲ. ಅಠಾರ ಕಚೇರಿ ಕಟ್ಟಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಶುರುಮಾಡಿದ ಶಾಲೆ ಅದು. ಶಿವಾಜಿನಗರದ ಘೋಷಾ ಆಸ್ಪತ್ರೆಗೆ ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರಿದೆ. ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗೆ ಹೋದರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತದೆ. ವೀಳ್ಯದೆಲೆ ವ್ಯಾಪಾರದಲ್ಲಿ ಗಳಿಸಿದ್ದನ್ನು ಆ ಪುಣ್ಯಾತ್ಮ ನೀರಿಗೆ ಹಾಕಿದ. ಇವತ್ತು ಆ ಕೆರೆಗೆ ನಾವು ಕೊಳಚೆ ಬಿಡುತ್ತಿದ್ದೇವೆ ಎನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ‘ನಮ್ಮ ಕ್ಲಬ್ಬಿನವರು ಕೈ ಬಿಚ್ಚುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂದಿರಾನಗರದ ಕಡೆಯ ಒಂದು ರೋಟರಿ ಕ್ಲಬ್ಬಿನಲ್ಲಿ ಫೌಂಡೇಶನ್ ಸಮಿತಿಯ ಕೆಲಸವನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಸದಸ್ಯರಿಂದ ರೋಟರಿ ಫೌಂಡೇಶನ್‌ಗೆ ವರ್ಷ ವರ್ಷ ದೇಣಿಗೆ ಕೊಡಿಸುವುದು ಆ ಸಮಿತಿಯ ಹೊಣೆ. ನಮ್ಮ ಊರಿನ ಹಳೆಯ ದಾನಿಗಳು ಕೊಟ್ಟದ್ದು ಕಣ್ಣೆದುರು ನಿಂತಿತ್ತು: ಶಾಲೆ, ಆಸ್ಪತ್ರೆ, ಕೆರೆ. ನಾವು ಕೇಳುವ ದೇಣಿಗೆ ಹಾಗಲ್ಲ. ಚೆಕ್ ಬರೆದುಕೊಟ್ಟ ಮೇಲೆ ಅದು ಎಲ್ಲಿ ಹೋಯಿತು, ಏನಾಯಿತು ಎಂಬುದು ಕೊಟ್ಟವರಿಗೆ ಕಾಣುವುದೇ ಇಲ್ಲ. ತೊಡಕು ಇರುವುದು ಅಲ್ಲಿ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹಿರಿಯ ಸದಸ್ಯರೊಬ್ಬರು ಒಮ್ಮೆ ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿಕೊಂಡು, ಚಹಾ ತರಿಸಿ, ನೇರವಾಗಿ ಕೇಳಿದರು: “ನಮ್ಮ ದುಡ್ಡು ಅಮೆರಿಕಕ್ಕೆ ಯಾಕ್ರೀ ಹೋಗಬೇಕು? ಬೌರಿಂಗ್ ಆಸ್ಪತ್ರೆ ಮುಂದೆ ದಿನಾ ಎಷ್ಟು ಜನ ಕಾಯ್ತಾ ನಿಂತಿರ್ತಾರೆ, ನೋಡಿಲ್ವಾ?” ಇದು ಜಿಪುಣನ ಪ್ರಶ್ನೆಯಲ್ಲ. ಊರಿನ ಮೇಲೆ ಕಾಳಜಿ ಇರುವವರೇ ಇದನ್ನು ಕೇಳುವುದು. ಇದಕ್ಕೆ ಸರಿಯಾದ ಉತ್ತರ ಬಾಯಲ್ಲಿಲ್ಲದವರು ದೇಣಿಗೆ ಕೇಳಲು ಹೊರಡಬಾರದು.

ನಾನು ಹೇಳಿದ ಉತ್ತರ ಇದು. ನಮ್ಮ ಚೆಕ್ಕು ರೋಟರಿ ಫೌಂಡೇಶನ್ (ಇಂಡಿಯಾ) ಹೆಸರಿಗೆ ರೂಪಾಯಿಯಲ್ಲೇ ಹೋಗುತ್ತದೆ. ವಾರ್ಷಿಕ ನಿಧಿಗೆ ಕೊಟ್ಟದ್ದನ್ನು ಮೂರು ವರ್ಷ ಹೂಡಿಕೆಯಲ್ಲಿ ಇಡುತ್ತಾರೆ. ಆಮೇಲೆ ಸುಮಾರು ಅರ್ಧ ಭಾಗ ನಮ್ಮ ರೋಟರಿ ಜಿಲ್ಲೆಯ ಖಾತೆಗೇ ಮರಳುತ್ತದೆ, ಉಳಿದರ್ಧ ಫೌಂಡೇಶನ್ನಿನ ವಿಶ್ವನಿಧಿಗೆ ಸೇರುತ್ತದೆ. ನಮ್ಮ ಜಿಲ್ಲೆ ಆ ಹಣದಲ್ಲಿ ಗ್ಲೋಬಲ್ ಗ್ರ್ಯಾಂಟ್ ಹಾಕಿದರೆ ವಿಶ್ವನಿಧಿಯೂ ತನ್ನ ಪಾಲು ಕೂಡಿಸುತ್ತದೆ, ಹೊರದೇಶದ ಕ್ಲಬ್ಬೊಂದು ಕೈ ಜೋಡಿಸುತ್ತದೆ. ಅಂಥ ಯೋಜನೆ ಕನಿಷ್ಠ 30,000 ಡಾಲರಿನದ್ದಾಗಿರಬೇಕು. ಒಂದು ಕ್ಲಬ್ಬು ಒಂಟಿಯಾಗಿ ಡಯಾಲಿಸಿಸ್ ಘಟಕ ಎಬ್ಬಿಸಲು ಏದುಸಿರು ಬಿಡಬೇಕು; ಹೀಗೆ ಕೂಡಿದರೆ ಆಗುತ್ತದೆ.

ಅವರು ತಲೆಯಾಡಿಸಿದರು, ಆದರೆ ಪೂರ್ತಿ ಒಪ್ಪಿರಲಿಲ್ಲ. ಆಗ ಪೋಲಿಯೊ ಮಾತು ತೆಗೆದೆ. ಶಿವಾಜಿನಗರ ಬಸ್ ನಿಲ್ದಾಣದ ಬೂತಿನಲ್ಲಿ ಲಸಿಕೆಯ ಡಬ್ಬ ಹಿಡಿದು ನಿಂತು, ಹನಿ ಹಾಕಿಸಿಕೊಂಡ ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದವರಲ್ಲಿ ಅವರೂ ಒಬ್ಬರು. ರೋಟರಿ ಆ ಕೆಲಸಕ್ಕೆ ಕೈ ಹಾಕಿದ್ದು 1985ರಲ್ಲಿ. ಭಾರತದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮನ್ನು ಪೋಲಿಯೊಮುಕ್ತ ಎಂದು ಸಾರಿತು. ಆ ಹನಿಯ ಖರ್ಚಿನಲ್ಲಿ ಬೇರೆ ದೇಶದ ಯಾವುದೋ ಊರಿನ ಅಂಗಡಿಯವರ ದುಡ್ಡೂ ಇತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡ್ರಾಯರಿನಿಂದ ಚೆಕ್ ಪುಸ್ತಕ ತೆಗೆದರು.

ದೇಣಿಗೆ ಕೊಡುವುದಕ್ಕೂ ಅದು ಮರಳುವುದಕ್ಕೂ ನಡುವಿನ ಆ ಮೂರು ವರ್ಷದ ಅಂತರವೇ ಈ ಕೆಲಸದ ಕಷ್ಟ. ಇವತ್ತು ಕೊಟ್ಟವರು ಮೂರು ವರ್ಷದಲ್ಲಿ ಮರೆತಿರುತ್ತಾರೆ. ಅಷ್ಟರಲ್ಲಿ ಮೂವರು ಅಧ್ಯಕ್ಷರು ಬದಲಾಗಿರುತ್ತಾರೆ. ಯೋಜನೆಯ ಉದ್ಘಾಟನೆಯ ದಿನ ವೇದಿಕೆಯ ಮೇಲಿರುವವರು ಬೇರೆ, ಹಣ ಕೊಟ್ಟು ಹಿಂದಿನ ಸಾಲಿನಲ್ಲಿ ಕೂತವರು ಬೇರೆ. ಅದಕ್ಕೇ ಒಂದು ಉದ್ದನೆಯ ಲೆಡ್ಜರ್ ಇಟ್ಟಿದ್ದೇನೆ. ಎಡಗಡೆ ಯಾರು ಯಾವ ವರ್ಷ ಎಷ್ಟು ಕೊಟ್ಟರು. ಬಲಗಡೆ ಆ ವರ್ಷದ ಹಣ ಮರಳಿ ಬಂದಾಗ ಎಲ್ಲಿಗೆ ಸೇರಿತು. ಬಲಗಡೆಯ ಕಾಲಂ ತುಂಬಿದ ದಿನ ನಾನೇ ಫೋನ್ ಮಾಡುತ್ತೇನೆ: “ಸಾರ್, ನೀವು ಅವತ್ತು ಕೊಟ್ಟಿದ್ದು ಈಗ ಕೆಲಸಕ್ಕೆ ಬಂತು. ಬನ್ನಿ, ನೋಡಿಕೊಂಡು ಬರೋಣ.” ಆ ಫೋನಿನಲ್ಲಿ ದುಡ್ಡಿನ ಮಾತು ಎತ್ತುವುದಿಲ್ಲ. ನನ್ನ ಅನುಭವದಲ್ಲಿ ಮುಂದಿನ ದೇಣಿಗೆ ಬಂದಿರುವುದೆಲ್ಲ ಆ ಫೋನಿನಿಂದಲೇ.

ಹೊಸ ಸದಸ್ಯರಿಗೆ ತೋರಿಸಲು ನಮ್ಮ ಹತ್ತಿರದಲ್ಲೇ ಒಂದು ಜಾಗವಿದೆ: ನ್ಯೂ ತಿಪ್ಪಸಂದ್ರ ಮುಖ್ಯರಸ್ತೆಯ ರೋಟರಿ ಬೆಂಗಳೂರು ಟಿಟಿಕೆ ರಕ್ತನಿಧಿ. 1984ರಲ್ಲಿ ಹುಟ್ಟಿದ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಅದನ್ನು ನಡೆಸುತ್ತದೆ. ಕ್ಲಬ್ಬಿಗೆ ಸೇರಿದವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ರಕ್ತ ಕೊಡುವುದನ್ನು ಎಲ್ಲರೂ ನೋಡಿರುತ್ತಾರೆ, ಆಮೇಲೆ ನಡೆಯುವುದನ್ನು ನೋಡಿರುವುದಿಲ್ಲ. ಒಂದೇ ಚೀಲದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡುತ್ತಾರೆ. ಕೆಂಪುಕಣ ಫ್ರಿಜ್ಜಿಗೆ, ಪ್ಲಾಸ್ಮಾ ಹೆಪ್ಪುಗಟ್ಟುವ ಚಳಿಗೆ. ಪ್ಲೇಟ್‌ಲೆಟ್ ಮಾತ್ರ ಸುಮಾರು 22 ಡಿಗ್ರಿಯಲ್ಲಿ, ತೂಗುವ ತಟ್ಟೆಗಳ ಮೇಲೆ ಹಗಲೂ ರಾತ್ರಿ ಅಲುಗಾಡುತ್ತಲೇ ಇರಬೇಕು. ಅದರ ಆಯಸ್ಸು ಐದೇ ದಿನ. ಹಳದಿ ಬಣ್ಣದ ಆ ಚಿಕ್ಕ ಚೀಲಗಳು ಆಚೆ ಈಚೆ ಸರಿಯುವುದನ್ನು ನೋಡುತ್ತ ಸಾಫ್ಟ್‌ವೇರ್ ಕಂಪನಿಯ ಹುಡುಗಿಯೊಬ್ಬಳು, “ಕರೆಂಟ್ ಹೋದರೆ?” ಎಂದಳು. ಜನರೇಟರ್, ಅದರ ಡೀಸೆಲ್ಲು, ರಾತ್ರಿ ಪಾಳಿಯ ಟೆಕ್ನೀಷಿಯನ್ ಸಂಬಳ, ಹೀಗೆ ಮಾತು ತಾನಾಗಿಯೇ ಖರ್ಚಿನ ಕಡೆಗೆ ಹೊರಳಿತು. ನಾನು ಬಾಯಿ ಬಿಡುವ ಅಗತ್ಯವೇ ಬರಲಿಲ್ಲ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್‌ಗಾಗಿ ಅಲೆದ ಮನೆ ಬೆಂಗಳೂರಿನಲ್ಲಿ ಎಷ್ಟಿಲ್ಲ?

ಕೇಳುವ ಸಮಯದ ಬಗ್ಗೆಯೂ ಹೇಳಬೇಕು. ರೋಟರಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಗುರಿ ಮುಟ್ಟದ ಕ್ಲಬ್ಬುಗಳು ಜೂನ್ ತಿಂಗಳಿಡೀ ಸದಸ್ಯರ ಬೆನ್ನು ಹತ್ತುತ್ತವೆ. ಬೆಂಗಳೂರಿನ ಸಂಸಾರಸ್ಥರಿಗೆ ಜೂನ್ ಅಂದರೆ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮು. ವ್ಯಾಪಾರಿಗಳಿಗೆ 15ನೇ ತಾರೀಕಿನ ಮುಂಗಡ ತೆರಿಗೆ. ಆ ತಿಂಗಳಲ್ಲಿ ಕೇಳಿದರೆ ಮುಖ ಮುರಿದು ಕೊಡುತ್ತಾರೆ, ಇಲ್ಲವೇ ಫೋನ್ ಎತ್ತುವುದಿಲ್ಲ. ನವೆಂಬರ್ ಫೌಂಡೇಶನ್ ಮಾಸ. ದೀಪಾವಳಿಯ ವ್ಯಾಪಾರ ಮುಗಿದು ಅಂಗಡಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವೂ ಹೌದು. ನಾನು ಹೋಗುವುದು ಆಗ.

ಶಿವಾಜಿನಗರ, ಹಲಸೂರಿನ ಮನೆಗಳಿಗೆ ತಮ್ಮದೇ ದಾನದ ಪಂಚಾಂಗ ಇರುತ್ತದೆ. ಮುಸ್ಲಿಂ ಗೆಳೆಯರು ರಂಜಾನಿನಲ್ಲಿ ಜಕಾತ್ ತೆಗೆಯುತ್ತಾರೆ. ಅದು ಯಾರಿಗೆ ಸಲ್ಲಬೇಕೆಂಬುದಕ್ಕೆ ಕಟ್ಟುನಿಟ್ಟಿದೆ, ಅದನ್ನು ನಮ್ಮ ನಿಧಿಗೆ ಹಾಕಿ ಎನ್ನುವುದು ತಪ್ಪು. ಸೆಪ್ಟೆಂಬರಿನಲ್ಲಿ ಸಂತ ಮೇರಿ ಬೆಸಿಲಿಕಾದ ಹಬ್ಬಕ್ಕೆ ಕೊಡುವವರಿದ್ದಾರೆ, ಸೋಮೇಶ್ವರ ದೇವಸ್ಥಾನದ ಅನ್ನದಾನಕ್ಕೆ ಕೊಡುವವರಿದ್ದಾರೆ. ಅದೆಲ್ಲದರ ಮೇಲೆ ನಾವು ಕೇಳುತ್ತಿದ್ದೇವೆ ಎಂಬ ಎಚ್ಚರ ಇರಬೇಕು. ಕ್ಲಬ್ಬಿನ ಸಭೆ ಇಂಗ್ಲಿಷಿನಲ್ಲಿ ನಡೆದರೂ ಮನೆಗೆ ಹೋದಾಗ ತಮಿಳಿನಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಅವರವರ ಮಾತಿನಲ್ಲೇ ಮಾತಾಡುತ್ತೇನೆ. ಸಭೆಯಲ್ಲಿ ಎದ್ದುನಿಲ್ಲಿಸಿ ಹೆಸರು ಕರೆದು ಕೇಳುವುದನ್ನು ಎಂದೂ ಮಾಡಿಲ್ಲ. ಆ ತಿಂಗಳು ಮಗಳ ಮದುವೆಯ ಸಾಲದಲ್ಲಿರುವವರು ನಾಲ್ಕು ಜನರ ಮುಂದೆ ಇಲ್ಲ ಎನ್ನಲಾರದೆ ಒದ್ದಾಡುತ್ತಾರೆ.

ತೆರಿಗೆ ವಿನಾಯಿತಿಯ ಮಾತು ಈಗೀಗ ನಡೆಯುವುದಿಲ್ಲ. 80ಜಿ ಅಡಿ ಕಡಿತ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಹೊಸ ಪದ್ಧತಿಗೆ ಹೋದ ಸಂಬಳದಾರರಿಗೆ ಅದು ಇಲ್ಲ. ತೆರಿಗೆ ಉಳಿಯುತ್ತದೆಂದು ಕೊಡುವವರು ತೆರಿಗೆ ಉಳಿಯದಾಗ ನಿಲ್ಲಿಸುತ್ತಾರೆ. ಅಪ್ಪ ಅಮ್ಮನ ಹೆಸರಿನಲ್ಲಿ ಕೊಡುವವರು ನಿಲ್ಲಿಸುವುದಿಲ್ಲ. ಸಾವಿರ ಡಾಲರ್ ತುಂಬಿದರೆ ‘ಪಾಲ್ ಹ್ಯಾರಿಸ್ ಫೆಲೋ’ ಗೌರವವನ್ನು ನಮಗೆ ಬೇಕಾದವರ ಹೆಸರಿಗೆ ಮಾಡಿಸಬಹುದು. ಹಲಸೂರಿನ ಒಬ್ಬ ಸದಸ್ಯರು ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ ವರ್ಷವರ್ಷ ಸ್ವಲ್ಪ ಸ್ವಲ್ಪವಾಗಿ ಕಟ್ಟಿ ತುಂಬಿಸಿದರು. ತಿಥಿಯ ದಿನ ಊಟ ಮುಗಿದ ಮೇಲೆ ಮಕ್ಕಳನ್ನು ಕರೆದು ಆ ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟರು.

ಬೆಂಗಳೂರು ಆರ್ಚರ್ಡ್ಸ್ ಕ್ಲಬ್ಬಿನ ರವಿಶಂಕರ್ ಡಕೋಜು ಅವರು 2018ರಲ್ಲಿ ಫೌಂಡೇಶನ್‌ಗೆ 100 ಕೋಟಿ ರೂಪಾಯಿ ಕೊಡುವುದಾಗಿ ಸಾರಿದಾಗ ಎಲ್ಲರಿಗೂ ಹೆಮ್ಮೆಯಾಯಿತು. ಜೊತೆಗೆ, ‘ಅಂಥವರ ಮುಂದೆ ನಮ್ಮ ನೂರು ಡಾಲರ್ ಯಾವ ಲೆಕ್ಕ’ ಎಂಬ ಸಂಕೋಚವೂ ಕೆಲವರಲ್ಲಿ ಹುಟ್ಟಿತು. ಅವರಿಗೆ ನಾನು ಹೇಳುವುದು ಫೌಂಡೇಶನ್ನಿನ ಹುಟ್ಟಿನ ಕತೆ. 1917ರಲ್ಲಿ ಆರ್ಚ್ ಕ್ಲಂಫ್ ಇಂಥದೊಂದು ನಿಧಿ ಬೇಕೆಂದಾಗ ಅದಕ್ಕೆ ಬಂದ ಮೊದಲ ದೇಣಿಗೆ ಕ್ಯಾನ್ಸಸ್ ಸಿಟಿ ಕ್ಲಬ್ಬಿನ ಇಪ್ಪತ್ತಾರೂವರೆ ಡಾಲರು. ನಮ್ಮ ಕ್ಲಬ್ಬಿನಲ್ಲಿ ಎಷ್ಟು ಹಣ ಬಂತು ಎನ್ನುವುದಕ್ಕಿಂತ ಎಷ್ಟು ಜನ ಕೊಟ್ಟರು ಎನ್ನುವುದನ್ನೇ ನಾನು ಮೊದಲು ಓದುವುದು.

ಈಗ ನನ್ನ ತಲೆ ತಿನ್ನುತ್ತಿರುವುದು ಬೇರೆ. ಹೊಸ ಯಂತ್ರಕ್ಕೆ, ಹೊಸ ಕಟ್ಟಡಕ್ಕೆ ಕೊಡಲು ಮುಂದೆ ಬರುವವರು ಅದರ ದುರಸ್ತಿಗೆ ಬರುವುದಿಲ್ಲ. ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾವೇ ಹಾಕಿಸಿದ ನೀರಿನ ಫಿಲ್ಟರು ಎರಡನೇ ವರ್ಷಕ್ಕೆ ಮೆಂಬ್ರೇನ್ ಕಟ್ಟಿಕೊಂಡು ನಿಂತಿತ್ತು. ಅದನ್ನು ಕಂಡುಹಿಡಿದವರು ಆ ಕಮರ್ಷಿಯಲ್ ಸ್ಟ್ರೀಟಿನ ಹಿರಿಯರೇ. ಲೆಡ್ಜರಿನ ಬಲಗಡೆ ಕಾಲಂ ನೋಡಿ, ಹೇಳದೆ ಕೇಳದೆ ಶಾಲೆಗೆ ಹೋಗಿ ನಲ್ಲಿ ತಿರುಗಿಸಿ ಬಂದಿದ್ದರು. ಮರುವಾರದ ಸಭೆಯಲ್ಲಿ ಅವರೇ ಎದ್ದು, ಇನ್ನು ಮುಂದೆ ಯಾವ ಯೋಜನೆ ಹಾಕಿದರೂ ಐದು ವರ್ಷದ ನಿರ್ವಹಣೆಯ ಹಣವನ್ನು ಮೊದಲೇ ಎತ್ತಿಟ್ಟು ಆಮೇಲೆ ಉದ್ಘಾಟನೆ ಮಾಡಿ ಎಂದರು. ಈ ನವೆಂಬರಿನಲ್ಲಿ ಅದಕ್ಕಾಗಿ ಬೇರೆ ನಿಧಿ ಎತ್ತಲು ಹೊರಟಿದ್ದೇವೆ. ಮೊದಲ ಚೆಕ್ಕು ಅವರದು, ಎರಡನೆಯದು ನನ್ನದು. ಉಳಿದವರ ಅಂಗಡಿ, ಮನೆಗಳಿಗೆ ಇಬ್ಬರೂ ಕೂಡಿಯೇ ಹೋಗುತ್ತೇವೆ.